ಎಲ್ಲಿಂದ ಮಾತನಾಡುತ್ತಿದ್ದೀರಿ?

ದೂರವಾಣಿಯ ಕರೆ ಬಂದೊಡನೆ ನಾವು ಎರಡು ಪ್ರಶ್ನೆಗಳನ್ನು ಕೇಳುವುದು ವಾಡಿಕೆ: ಯಾರು, ಎಲ್ಲಿಂದ? ಸ್ಥಿರ ದೂರವಾಣಿಯ ಕಾಲದಲ್ಲಿ ಎರಡನೆಯ ಪ್ರಶ್ನೆಗೆ ಸಂಖ್ಯೆಯೇ ಅರ್ಧ ಉತ್ತರ ಕೊಡುತ್ತಿತ್ತು. 080 ಎಂದರೆ ಬೆಂಗಳೂರು, 0824 ಎಂದರೆ ಮಂಗಳೂರು, 04994 ಎಂದರೆ ನಮ್ಮ ಕಾಸರಗೋಡು. ತಂತಿ ಎಲ್ಲಿಗೆ ಮುಟ್ಟುತ್ತಿತ್ತೋ ಮಾತನಾಡುವವರೂ ಅಲ್ಲಿಯೇ ಇರುತ್ತಿದ್ದರು. ಅಂತರಜಾಲದ ಮೂಲಕ ನಡೆಯುವ ಇಂದಿನ ಕಚೇರಿ ದೂರವಾಣಿಯು ಈ ನಂಟನ್ನು ಕಡಿದಿದೆ. ಅದರ ಅನುಕೂಲವನ್ನು ನಾವೆಲ್ಲ ಬಲ್ಲೆವು. ಅದರಿಂದ ಹುಟ್ಟಿದ ಒಂದು ನೈತಿಕ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಈ ವ್ಯವಸ್ಥೆಯ ಕ್ರಮ ಸರಳವಾದುದು. ಆಡಿದ ಮಾತನ್ನು ಯಂತ್ರವು ಅಂಕೆಗಳನ್ನಾಗಿ ಮಾರ್ಪಡಿಸಿ, ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಕಳುಹಿಸುತ್ತದೆ. ಆಚೆ ಬದಿಯಲ್ಲಿ ಅವು ಮತ್ತೆ ಕೂಡಿ ದನಿಯಾಗುತ್ತವೆ. ಹಿಂದೆ ಕಚೇರಿಯ ಮೂಲೆಯಲ್ಲಿರುತ್ತಿದ್ದ ಇಪಿಎಬಿಎಕ್ಸ್ ಪೆಟ್ಟಿಗೆಯ ಕೆಲಸವನ್ನು ಈಗ ದೂರದ ಸರ್ವರ್ ಮಾಡುತ್ತದೆ. ಗ್ರಾಹಕರು ಬೆಂಗಳೂರಿನ ಸಂಖ್ಯೆಯನ್ನು ಒತ್ತಿದರೆ, ನೌಕರರು ಎಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾರೋ ಅಲ್ಲಿ ಕರೆಗಂಟೆ ಬಾರಿಸುತ್ತದೆ. ಅವರು ಮರಳಿ ಕರೆದರೂ ಗ್ರಾಹಕರಿಗೆ ಕಾಣುವುದು ಕಚೇರಿಯ ಸಂಖ್ಯೆಯೇ. ಮೊಬೈಲು ಊರೂರು ಸುತ್ತುವ ಸಾಧನವೆಂಬುದು ಎಲ್ಲರಿಗೂ ಗೊತ್ತು. ಕಚೇರಿಯ ಸಂಖ್ಯೆಯಾದರೋ ಇಂದಿಗೂ ಒಂದು ವಿಳಾಸದ ಭರವಸೆಯನ್ನು ಹೊತ್ತಿದೆ.

ಈ ಏರ್ಪಾಟು ನಮ್ಮ ಗಡಿನಾಡಿಗೆ ಮಾಡಿದ ಉಪಕಾರ ಸಣ್ಣದಲ್ಲ. ಓದು ಮುಗಿದೊಡನೆ ಬೆಂಗಳೂರಿಗೋ ಮಂಗಳೂರಿಗೋ ಹೊರಟುಹೋಗುತ್ತಿದ್ದ ಮಕ್ಕಳಲ್ಲಿ ಕೆಲವರು ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಮನೆಗಳಲ್ಲಿಯೇ ಉಳಿದು ಸಂಬಳ ಪಡೆಯುವುದನ್ನು ನಾವು ಕಾಣುತ್ತಿದ್ದೇವೆ. ಅಡಕೆ ತೋಟದ ನಡುವಿನ ಮನೆಯ ಚಾವಡಿಯೇ ಕಚೇರಿಯಾಗಿದೆ. ಮುದಿ ತಂದೆತಾಯಿಯರ ಔಷಧಕ್ಕೆ, ಊಟಕ್ಕೆ ಒಂದು ಕೈ ಮನೆಯಲ್ಲಿ ಉಳಿದಿದೆ.

ಅಂತಹ ಒಂದು ಮನೆಯ ಮಗಳು ನಮ್ಮೊಡನೆ ಹೇಳಿಕೊಂಡ ಸಂಗತಿಯೇ ಈ ಲೇಖನಕ್ಕೆ ಕಾರಣ. ತುಮಕೂರು ಕಡೆಯ ವೃದ್ಧರೊಬ್ಬರು ಕರೆಮಾಡಿ ತಮ್ಮ ತೊಂದರೆಯನ್ನು ನಿವೇದಿಸಿದರಂತೆ. ಆಕೆ ತಾಳ್ಮೆಯಿಂದ ಉತ್ತರಿಸಿದಾಗ ಅವರು ನಂಬಿಕೆಯಿಂದ, “ತಾಯೀ, ನಾಳೆ ಬಸ್ಸು ಹತ್ತಿ ಬರ್ತೀನಿ. ಕಾಗದ ನಿಮ್ಮ ಕೈಗೇ ಕೊಡ್ತೀನಿ” ಎಂದರು. ಮನೆಯಿಂದ ಮಾತನಾಡುತ್ತಿರುವುದನ್ನು ಯಾರಿಗೂ ತಿಳಿಸಕೂಡದೆಂಬುದು ಕಚೇರಿಯ ಕಟ್ಟಪ್ಪಣೆ. ಆಕೆ ಒಂದು ಕ್ಷಣ ಸುಮ್ಮನಾಗಿ, “ನಾನು ಕಚೇರಿಯಲ್ಲಿ ಇರುವುದಿಲ್ಲ, ಬರಬೇಡಿ; ಅಂಚೆಯಲ್ಲಿ ಕಳುಹಿಸಿ” ಎಂದಳು. ಅಪ್ಪಣೆ ಮೀರಿದಂತಾಯಿತೇ ಎಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ.

ಸಂಖ್ಯೆ ಒಂದೂರಿನದು, ದನಿ ಇನ್ನೊಂದೂರಿನದು, ಇದು ಸುಳ್ಳೇ? ಸುಳ್ಳೆಂದು ನಾವು ಒಪ್ಪಲಾರೆವು. ಆ ಸಂಖ್ಯೆ ಸಂಸ್ಥೆಯದು. ಸಂಸ್ಥೆಯ ಪರವಾಗಿ ಮಾತನಾಡುವವರು ಅದನ್ನು ಬಳಸುವುದು ನ್ಯಾಯವೇ. ಅಪರಿಚಿತರಿಗೆ ಸ್ವಂತ ಮೊಬೈಲು ಸಂಖ್ಯೆ ತಿಳಿಯದಿರುವುದು, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ದೊಡ್ಡ ರಕ್ಷಣೆ. ಮನೆ ಎಲ್ಲಿದೆಯೆಂದು ಎಲ್ಲರಿಗೂ ಸಾರಬೇಕಾದ ಹೊಣೆ ಯಾರ ಮೇಲೂ ಇಲ್ಲ. ಆದರೆ ಹೇಳದಿರುವುದು ಬೇರೆ, ಇಲ್ಲದ್ದನ್ನು ನಂಬಿಸುವುದು ಬೇರೆ. ಎರಡು ದಶಕಗಳ ಹಿಂದೆ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ದುಡಿದ ಎಷ್ಟೋ ಯುವಜನರು ಅಮೆರಿಕದ ಗ್ರಾಹಕರೆದುರು ಪರದೇಶದ ಹೆಸರು ಧರಿಸಿ, ಉಚ್ಚಾರವನ್ನೂ ಬದಲಿಸಿಕೊಳ್ಳಬೇಕಾಯಿತು. ಅಲ್ಲಿ ಮರೆಮಾಚಿದ್ದು ವಿಳಾಸವನ್ನಷ್ಟೇ ಅಲ್ಲ, ಮನುಷ್ಯನನ್ನೇ.

ಆದುದರಿಂದ ಒಂದು ಅಳತೆಯನ್ನು ಸೂಚಿಸುತ್ತೇವೆ. ಕೇಳುವವರು ನಮ್ಮ ಮೌನವನ್ನು ನಂಬಿ ಒಂದು ಹೆಜ್ಜೆ ಇಡುವಂತಿದ್ದರೆ, ಆ ಮೌನ ಸುಳ್ಳಿಗೆ ಸಮಾನ. ಆ ವೃದ್ಧರು ಬಸ್ಸು ಹತ್ತುವ ಮೊದಲೇ ತಡೆದ ಮಗಳು ತನ್ನ ಊರನ್ನು ಹೇಳಲಿಲ್ಲ. ಸತ್ಯವನ್ನು ಮಾತ್ರ ಹೇಳಿದಳು. ಹಿಂದೆ ಸಂಖ್ಯೆ ಹೊರುತ್ತಿದ್ದ ಸಾಕ್ಷಿಯ ಭಾರ ಈಗ ಮನುಷ್ಯರ ನಾಲಗೆಯ ಮೇಲೆ ಬಿದ್ದಿದೆ. ಆ ನಾಲಗೆಯನ್ನು ಕಟ್ಟುವ ಕಚೇರಿಯು ತನ್ನ ತಪ್ಪನ್ನು ನೌಕರರ ಮನಸ್ಸಾಕ್ಷಿಗೆ ವರ್ಗಾಯಿಸುತ್ತದೆ.

ಇನ್ನೊಂದು ಮಾತು ಮನೆಯವರಿಗೆ ಸಂಬಂಧಿಸಿದುದು. ಇಂತಹ ಕರೆಗಳನ್ನು ಧ್ವನಿಮುದ್ರಿಸಿಡುವುದು ರೂಢಿ. ನೌಕರರು ಅದನ್ನು ಒಪ್ಪಿ ಸಹಿ ಹಾಕಿರುತ್ತಾರೆ. ಆದರೆ ಒಳಗಿನಿಂದ ಅಜ್ಜಿ ಕೆಮ್ಮಿದ್ದು, ಮಗು ಅತ್ತದ್ದು, ಅಡಿಗೆಮನೆಯಲ್ಲಿ ಇಬ್ಬರು ಸಾಲದ ವಿಚಾರ ಮಾತನಾಡಿದ್ದು ಸಹ ಅದರೊಳಗೆ ಸೇರಬಹುದು. ಅವರು ಯಾರೂ ಸಹಿ ಹಾಕಿದವರಲ್ಲ. 2020ರ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಕಾಲ್ ಸೆಂಟರಿನಂತಹ ಸಂಸ್ಥೆಗಳ ನಿಯಮಗಳನ್ನು ಸಡಿಲಿಸಿ, ಮನೆಯಲ್ಲಿದ್ದು ದುಡಿಯುವವರನ್ನು ಆಯಾ ಕೇಂದ್ರದ ದೂರದ ಪ್ರತಿನಿಧಿಗಳೆಂದು ಪರಿಗಣಿಸಿತು. ದುಡಿಯುವವರು ಪ್ರತಿನಿಧಿಗಳಾದರು, ಸರಿ; ಮನೆಯವರೆಲ್ಲ ಪ್ರತಿನಿಧಿಗಳಾಗಲಿಲ್ಲ. ಮಾತಿಲ್ಲದ ವೇಳೆ ಧ್ವನಿವಾಹಕವನ್ನು ಮುಚ್ಚುವುದು, ಕೆಲಸದ ಹೊತ್ತು ಮುಗಿದೊಡನೆ ‘ಲಭ್ಯ’ ಎಂಬ ಹಸಿರು ಗುರುತನ್ನು ಆರಿಸುವುದು ಸೋಮಾರಿತನವಲ್ಲ. ಮನೆಯವರಿಗೆ ಸಲ್ಲಬೇಕಾದ ಮರ್ಯಾದೆ.

ಗಡಿನಾಡಿನವರಾದ ನಮಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. 1956ರ ನವೆಂಬರ್ 1ರಿಂದ ನಮ್ಮ ಊರು ಒಂದು ರಾಜ್ಯದಲ್ಲಿ, ನಮ್ಮ ನುಡಿಯ ಹೆಸರಿನ ನಾಡು ಇನ್ನೊಂದರಲ್ಲಿ. ಕನ್ನಡದಲ್ಲಿ ಮಾತನಾಡಿದೊಡನೆ “ಕರ್ನಾಟಕದವರೇ?” ಎಂದು ಕೇಳಿಸಿಕೊಂಡು, “ಅಲ್ಲ, ಕಾಸರಗೋಡಿನವರು” ಎಂದು ತಿದ್ದುತ್ತಲೇ ಬಂದಿದ್ದೇವೆ. 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಗೌರವ ಪಡೆದ ಗೋವಿಂದ ಪೈಗಳನ್ನು ನಾಡು ‘ಮಂಜೇಶ್ವರ’ದೊಡನೆಯೇ ಸ್ಮರಿಸುತ್ತದೆ. ಕಿಞ್ಞಣ್ಣ ರೈಗಳ ಹೆಸರಿನ ಮುಂದೆ ಕಯ್ಯಾರವಿದೆ. ಊರಿನ ಹೆಸರನ್ನು ಹೊತ್ತೇ ಅವರ ಮಾತು ದೂರ ಹೋಯಿತು. ಮಹಾನಗರದ ಸಂಖ್ಯೆಯ ಹಿಂದೆ ಅಡಗಿದರೆ ಮಾತ್ರ ತಮ್ಮ ಮಾತಿಗೆ ಬೆಲೆಯೆಂದು ನಮ್ಮ ಮಕ್ಕಳು ಕಲಿತರೆ, ಮನೆಯಲ್ಲಿ ಉಳಿದೂ ಊರನ್ನು ಬಿಟ್ಟಂತೆಯೇ ಸರಿ.

ಅವರು ಊರಿನ ಹೆಸರನ್ನು ಹೇಳಲಿ, ಹೇಳದಿರಲಿ. ಅದು ಅವರ ಇಷ್ಟಕ್ಕೆ ಬಿಟ್ಟದ್ದು. ಹೇಳಬೇಕೆನಿಸಿದಾಗ ಹೆದರದೆ ಹೇಳುವಂತಿರಬೇಕು. ಅಷ್ಟರ ಮಟ್ಟಿಗಾದರೂ ಅವರಿಗೆ ಬೆಂಬಲವಾಗಿ ನಿಲ್ಲುವುದು ಸಂಘದ ಹಿರಿಯರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.