ರಾಷ್ಟ್ರಗೀತೆ ಮತ್ತು ಕ್ರೈಸ್ತ ಅಂತಃಸಾಕ್ಷಿ

‘ಜನ ಗಣ ಮನ’ ಹುಟ್ಟಿದ್ದು ಪ್ರಾರ್ಥನೆಯ ರೂಪದಲ್ಲಿ. ರವೀಂದ್ರನಾಥ ಠಾಕೂರರ ಐದು ಚರಣಗಳ ಈ ಗೀತೆಯನ್ನು 1911ರ ಡಿಸೆಂಬರ್ 27ರಂದು ಕಲ್ಕತ್ತದ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಲಾಯಿತು. ಮರುವರ್ಷ ಅದು ಬ್ರಹ್ಮಸಮಾಜದ ‘ತತ್ತ್ವಬೋಧಿನೀ ಪತ್ರಿಕೆ’ಯಲ್ಲಿ ಅಚ್ಚಾಯಿತು. ಗೀತೆಯಲ್ಲಿ ಸ್ತುತಿಸಿರುವುದು ಯಾವ ಅರಸನನ್ನೂ ಅಲ್ಲ, ಯುಗಯುಗಗಳ ಮಾನವಯಾತ್ರೆಯ ಸಾರಥಿಯನ್ನು ಎಂದು ಕವಿಯೇ 1937ರಲ್ಲಿ ಸ್ಪಷ್ಟಪಡಿಸಿದರು. ಎರಡನೆಯ ಚರಣದಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ, ಪಾರಸಿ, ಮುಸ್ಲಿಮರೊಂದಿಗೆ ಕ್ರೈಸ್ತರ ಹೆಸರೂ ಇದೆ. 1950ರ ಜನವರಿ 24ರಂದು ರಾಷ್ಟ್ರಗೀತೆಯೆಂದು ಘೋಷಣೆಯಾದ ಮೇಲೆ ಅಧಿಕೃತವಾಗಿ ಹಾಡುತ್ತಿರುವುದು ಮೊದಲ ಚರಣ ಮಾತ್ರ.

ಭಾರತದ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಸಭೆಗಳವರು ಈ ಗೀತೆಯನ್ನು ಹಾಡುತ್ತಾರೆ. ಆಳುವವರನ್ನು ಗೌರವಿಸಬೇಕೆಂಬ ಬೋಧೆ ಹೊಸ ಒಡಂಬಡಿಕೆಯಲ್ಲೇ ಇದೆ. ದೇಶಕ್ಕೆ ಸಲ್ಲುವ ಗೌರವ ದೇವಭಕ್ತಿಗೆ ಅಡ್ಡಬರುವುದಿಲ್ಲ ಎಂಬುದು ಅವರ ನಿಲುವು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ಮಾತ್ರ, ಸ್ತುತಿ ದೇವರೊಬ್ಬನಿಗೇ ಮೀಸಲೆಂದು ನಂಬಿ, ಯಾವ ದೇಶದ ರಾಷ್ಟ್ರಗೀತೆಯನ್ನೂ ಹಾಡುವುದಿಲ್ಲ.

1985ರಲ್ಲಿ ಕೇರಳದ ಶಾಲೆಯೊಂದು ಈ ಪಂಥದ ಮೂವರು ಮಕ್ಕಳನ್ನು ಹೊರಹಾಕಿತು. ರಾಷ್ಟ್ರಗೀತೆಯ ವೇಳೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಹೈಕೋರ್ಟಿನಲ್ಲಿ ಸೋತ ಮಕ್ಕಳಿಗೆ ಸುಪ್ರೀಂ ಕೋರ್ಟ್ 1986ರ ಆಗಸ್ಟ್ 11ರಂದು ನ್ಯಾಯ ನೀಡಿತು. ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ; ಎದ್ದು ನಿಂತವರು ಅಗೌರವ ತೋರಿದಂತಲ್ಲ; ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ದಂಡಿಸುವುದು ಬೇಕೆಂದೇ ಗಾಯನಕ್ಕೆ ತಡೆಯೊಡ್ಡುವವರನ್ನು, ಹಾಡುವ ಸಭೆಗೆ ಭಂಗ ತರುವವರನ್ನು. ಮಕ್ಕಳನ್ನು ಹೊರಹಾಕಿದ್ದು ವಾಕ್ ಮತ್ತು ಧಾರ್ಮಿಕ ಸ್ವಾತಂತ್ರ್ಯ ನೀಡುವ ಸಂವಿಧಾನದ 19 ಮತ್ತು 25ನೇ ವಿಧಿಗಳ ಉಲ್ಲಂಘನೆ ಎಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ತೀರ್ಪಿತ್ತಿತು. ಮಕ್ಕಳ ನಂಬಿಕೆ ಬಹುಜನರಿಗೆ ಒಪ್ಪಿಗೆಯೇ ಎಂಬುದನ್ನಲ್ಲ, ಅದು ಪ್ರಾಮಾಣಿಕವೇ ಎಂಬುದನ್ನು ನ್ಯಾಯಾಲಯ ನೋಡಿತು.

ಸುಪ್ರೀಂ ಕೋರ್ಟಿನ ತೀರ್ಪು ದೇಶಕ್ಕೆಲ್ಲ ಅನ್ವಯಿಸುವುದರಿಂದ, ಕೇರಳದ ಮಕ್ಕಳಿಗೆ ದೊರೆತ ಈ ರಕ್ಷಣೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಲಾಮಕ್ಕಳಿಗೂ ಇದೆ. ಕರ್ನಾಟಕದ ಶಾಲೆಗಳಲ್ಲಿ ರಾಷ್ಟ್ರಗೀತೆಯ ಜೊತೆಗೆ ನಾಡಗೀತೆಯೂ ಇದೆ. ಅದನ್ನು ಬರೆದ ಕುವೆಂಪು ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರು. 2004ರಲ್ಲಿ ಅಧಿಕೃತ ಮನ್ನಣೆ ಪಡೆದ ಆ ಗೀತೆಯೂ ಹಿಂದೂ, ಮುಸ್ಲಿಂ, ಪಾರಸಿ, ಜೈನರ ಜೊತೆ ಕ್ರೈಸ್ತರನ್ನು ಹೆಸರಿಸಿ ನಾಡಿನವರೆಂದು ಅಪ್ಪಿಕೊಳ್ಳುತ್ತದೆ.

ಎರಡೂ ಗೀತೆಗಳ ಆಶಯ ಎಲ್ಲರನ್ನೂ ಒಳಗೊಳ್ಳುವುದು. ಒತ್ತಾಯದಿಂದ ಹಾಡಿಸಿದರೆ ಆ ಆಶಯಕ್ಕೇ ಧಕ್ಕೆ. ಮನಸ್ಸಾರೆ ಹಾಡುವವನೂ, ದೇವರ ಮೇಲಿನ ನಿಷ್ಠೆಯಿಂದ ಮೌನವಾಗಿ ಎದ್ದು ನಿಲ್ಲುವವನೂ ಈ ದೇಶದ ಸಮಾನ ಪ್ರಜೆಗಳು.