ಉಂಡವರೇ ಹೊಣೆ

ನಮ್ಮ ಸೀಮೆಯ ಹಳೆಯ ವಾಟ್ನಿ ಪತ್ರಗಳಲ್ಲಿ ಹೊಲ, ಮನೆ, ಎತ್ತುಗಳ ಜೊತೆಗೆ ಬಣವಿ ಜಾಗ, ತಿಪ್ಪಿ ಜಾಗ ಎಂಬ ಮಾತೂ ಬರುತ್ತಿತ್ತು. ಅಣ್ಣ-ತಮ್ಮಂದಿರು ಬೇರೆಯಾದರೆ ತಿಪ್ಪೆಯೂ ಪಾಲಾಗುತ್ತಿತ್ತು. ಯಾರ ತಿಪ್ಪೆ ಎಲ್ಲಿಗೆ ಮುಗಿಯಿತು ಎಂಬ ತಂಟೆಯನ್ನು ಹಿರಿಯರು ಕಟ್ಟೆಯ ಮೇಲೆ ಕೂತು ಬಗೆಹರಿಸುತ್ತಿದ್ದರು. ಕಸಕ್ಕಾಗಿ ಈಗಲೂ ಜಗಳ ನಡೆಯುತ್ತದೆ. ಆಗಿನದು ‘ಇದು ನಂದು’ ಎಂಬ ಜಗಳ, ಈಗಿನದು ‘ಇದು ನಂದಲ್ಲ’ ಎಂಬ ಜಗಳ.

ಮೊದಲು ಗಂಗಾವತಿ ತಾಲ್ಲೂಕಿನಲ್ಲಿದ್ದು ಈಗ ಕನಕಗಿರಿ ತಾಲ್ಲೂಕಿಗೆ ಸೇರಿದ ಹುಲಿಹೈದರದ ಕಡೆಗೆ ಬನ್ನಿ. ತುಂಗಭದ್ರಾ ಕಾಲುವೆಯ ನೀರುಂಡು ಭತ್ತ ಬೆಳೆಯುವ ಗಂಗಾವತಿ, ಕಾರಟಗಿಯ ಗದ್ದೆಗಳ ಭಾಗ್ಯ ಈ ಕಡೆಯ ಎಲ್ಲ ಹೊಲಗಳಿಗಿಲ್ಲ. ಮಳೆಯನ್ನೇ ನಂಬಿದ ನೆಲದಲ್ಲಿ ತಿಪ್ಪೆಯೆಂದರೆ ಬರುವ ವರ್ಷದ ಜೋಳ, ಸಜ್ಜೆ. ಬೇಸಿಗೆಯಲ್ಲಿ ಚಕ್ಕಡಿ ಹೂಡಿ ಗೊಬ್ಬರ ಹೇರಿ, ಮುಂಗಾರು ಹಿಡಿಯುವ ಮೊದಲೇ ಹೊಲಕ್ಕೆ ಹರವಬೇಕು.

ಆದರೆ ಅಡುಗೆಮನೆಯಿಂದ ತಿಪ್ಪೆಗೆ ನೇರ ದಾರಿ ಇರಲಿಲ್ಲ. ಮಿಕ್ಕ ರೊಟ್ಟಿ ಒಣಗಿ ಕಟಕಲಾಗಿ ಮರುದಿನಕ್ಕೆ ಒದಗುತ್ತಿತ್ತು. ಅಕ್ಕಿ ತೊಳೆದ ನೀರು, ಮುಸುರಿ ಎಮ್ಮೆಯ ಬಾನಿಗೆ ಹೋಗುತ್ತಿದ್ದವು. ಕಾಯಿಪಲ್ಲೆಯ ಸಿಪ್ಪೆ ಆಡಿಗೆ, ಕೇರುವಾಗ ಉದುರಿದ ನುಚ್ಚು ಕೋಳಿಗೆ. ಇವರಾರಿಗೂ ಬೇಡವಾದದ್ದಷ್ಟೇ ಒಲೆಯ ಬೂದಿ, ಸೆಗಣಿಯ ಜೊತೆ ತಿಪ್ಪೆ ಸೇರುತ್ತಿತ್ತು. ಮಠದ ಪಂಕ್ತಿಯಲ್ಲಿ ಉಂಡ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯುವ ಹಿರಿಯರು ಇಂದಿಗೂ ಸಿಗುತ್ತಾರೆ. ಅವರ ಪಾಲಿಗೆ ಪ್ರಸಾದದಲ್ಲಿ ಕಸವೆಂಬುದೇ ಇಲ್ಲ.

ಎಳ್ಳಮಾವಾಸ್ಯೆಗೆ ನಾವು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಪೂಜೆ ಮಾಡಿ, ನಾವು ಉಣ್ಣುವ ಮೊದಲು ಪೈರಿನ ನಡುವೆ ಚರಗ ಚೆಲ್ಲುತ್ತೇವೆ. ಉಣಿಸಿದ ತಾಯಿಗೆ ಮೊದಲ ತುತ್ತು. ಹಬ್ಬ ಮುಗಿಸಿ ಮನೆಗೆ ಬಂದ ಅದೇ ಕೈ ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಂಟು ಬಿಗಿದು ಗಟಾರಕ್ಕೆ ಎಸೆಯುತ್ತದೆ. ಮೊದಲ ತುತ್ತು ಕೊಡುವುದು ಭಕ್ತಿ, ಕೊನೆಯದನ್ನು ಹಿಂದಿರುಗಿಸುವುದು ಹೊಣೆ. ಭಕ್ತಿಗೆ ವರ್ಷಕ್ಕೊಂದು ದಿನ ಸಾಕಾದೀತು. ಹೊಣೆಗೆ ಅಷ್ಟು ಸಾಲದು.

ಹೀಗೆಂದು ಹಳೆಯದೆಲ್ಲ ಚೆಂದವಿತ್ತು ಎಂದು ತಿಪ್ಪೆ ಸಾರಿಸುವುದು ಬೇಡ. ಬಯಲ ತಿಪ್ಪೆಯಲ್ಲಿ ನೊಣ ಮುಕುರುತ್ತಿದ್ದವು, ಮಳೆ ಬಂದರೆ ಸಾರವೆಲ್ಲ ಓಣಿಗೆ ಹರಿದು ಹೋಗುತ್ತಿತ್ತು. ಇದನ್ನು ತಿದ್ದುವ ವಿದ್ಯೆ ಎಂದೋ ಬಂದಿದೆ. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದ ಆಲ್ಬರ್ಟ್ ಹೊವಾರ್ಡ್, ಕಸವನ್ನು ಪದರ ಪದರವಾಗಿ ಹಾಕಿ, ಆಗಾಗ ಮಗುಚಿ ಗಾಳಿಯಾಡಿಸುವ ಕ್ರಮ ರೂಪಿಸಿದರು. 1939ರಲ್ಲಿ ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯ ಅವರು ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿ ಮುಚ್ಚುವ ವಿಧಾನ ತಂದರು. ಮಗುಚುವ ಕೆಲಸವಿಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು.

ಅಂದು ಇಲ್ಲದಿದ್ದ ಪ್ಲಾಸ್ಟಿಕ್ ಇಂದು ಇದೆ, ಅಂದು ಇದ್ದ ಎಮ್ಮೆ ಇಂದು ಎಷ್ಟೋ ಮನೆಗಳಲ್ಲಿ ಇಲ್ಲ. ಅಂಗಳಕ್ಕೆ ಸಿಮೆಂಟ್ ಬಂದಿದೆ. ಪಂಚಾಯಿತಿಗಳು ಮನೆ ಬಾಗಿಲಿಗೆ ಸ್ವಚ್ಛ ವಾಹಿನಿ ಕಳಿಸುತ್ತಿವೆ. ಎಷ್ಟೋ ಊರುಗಳಲ್ಲಿ ಅದನ್ನು ಓಡಿಸುವವರು, ಕಸ ಬೇರ್ಪಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ನಾವು ಕಲಸಿ ಕೊಟ್ಟ ಚೀಲವನ್ನು ಅವರು ಹರಿದು ನೋಡಿದರೆ ಹಳಸಿದ ಸಾರಿನಲ್ಲಿ ನೆನೆದ ಮಗುವಿನ ಡೈಪರ್, ಅನ್ನಕ್ಕೆ ಅಂಟಿದ ಶಾಂಪೂ ಚೀಟಿ, ನಡುವೆ ಒಡೆದ ಗಾಜು. ನಮ್ಮ ಮನೆಯಲ್ಲಿ ಅರೆಗಳಿಗೆಯ ಕೆಲಸ ಅವರ ಕೈಗೆ ದಿನವಿಡೀ ಹೇಸಿಗೆಯಾಗುತ್ತದೆ. ಕಲಸಿದ ಮೇಲೆ ಆ ಅನ್ನ ಗೊಬ್ಬರಕ್ಕೂ ಬಾರದು, ಆ ಪ್ಲಾಸ್ಟಿಕ್ ಗುಜರಿಗೂ ಹೋಗದು.

ಎಷ್ಟು ಕಸ ಇದು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ 55 ಕಿಲೋ ಆಹಾರ ಕಸವಾಗುತ್ತದೆ. ಐದು ಮಂದಿಯ ಮನೆಗೆ ಎರಡೂಮುಕ್ಕಾಲು ಕ್ವಿಂಟಲ್. ನಮ್ಮ ಹೊಲದ ಮಣ್ಣು ಪರೀಕ್ಷೆಯ ಚೀಟಿ ತೆಗೆದು ನೋಡಿ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಮಣ್ಣು ಬಡವಾಗಿದೆ ಎಂದರ್ಥ. ಮಣ್ಣಿಗೆ ಬೇಕಾದದ್ದು ಗಟಾರದಲ್ಲಿ ಕೊಳೆಯುತ್ತಿದೆ.

ಗೊಬ್ಬರ ಮಾಡಲು ದೊಡ್ಡ ಸಾಮಾನು ಬೇಡ. ಹಿತ್ತಲಲ್ಲಿ ಮೂರಡಿ ಗುಂಡಿ, ಇಲ್ಲವೆ ತಳಕ್ಕೆ ತೂತು ಹೊಡೆದ ಹಳೆಯ ಡ್ರಮ್. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ, ಕಣಕಿ ಚೂರು. ಮೇಲೆ ಒಂದಿಷ್ಟು ಸೆಗಣಿ ನೀರು. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಸಾಕು. ವಾಸನೆ ಹೊಡೆದರೆ ನೀರು ಹೆಚ್ಚಾಯಿತೆಂದು ತಿಳಿದು ಒಣ ಎಲೆ ಹಾಕಿ ಕೆದಕಿ. ರಾಶಿ ದೊಡ್ಡದಿದ್ದರೆ ಚಳಿಗಾಲದ ಬೆಳಿಗ್ಗೆ ಕೆದರಿದಾಗ ಹಬೆ ಏಳುತ್ತದೆ, ಕೈಯಿಟ್ಟರೆ ಸುಡುತ್ತದೆ; ಒಳಗೆ ಕೆಲಸ ನಡೆದಿದೆ. ಕೆಲವು ತಿಂಗಳಲ್ಲಿ ಉಳ್ಳಾಗಡ್ಡಿ ಸಿಪ್ಪೆ, ಬದನೆಕಾಯಿ ತೊಟ್ಟು ಗುರುತಿಲ್ಲದೆ ಕರಗಿ ಕರಿ ಮಣ್ಣಾಗುತ್ತವೆ. ತಪ್ಪಿ ಬಿದ್ದ ಶಾಂಪೂ ಚೀಟಿ ಮಾತ್ರ ಹೊಳೆಯುತ್ತ ಹಾಗೇ ಇರುತ್ತದೆ.

ಇವತ್ತೇ ಒಲೆಯ ಪಕ್ಕ ಹಸಿ ಕಸಕ್ಕೆ ಬೇರೆ ಬಕೆಟ್ ಇಡಿ. ಜಾಗವಿದ್ದವರು ಗುಂಡಿಗೆ ಹಾಕಿ, ಇಲ್ಲದವರು ಗಾಡಿಗೆ ಬೇರೆ ಬೇರೆಯಾಗಿ ಕೊಡಿ. ಕಸ ಕೊಡುವುದು ತಪ್ಪಲ್ಲ, ಕಲಸಿ ಕೊಡುವುದು ತಪ್ಪು.