ಉಪವಾಸವೂ ಅನ್ನಪಾನನಿರೋಧವೂ

ಉಪವಾಸವನ್ನು ತಪಸ್ಸೆಂದು ಹೇಳುವ ಶಾಸ್ತ್ರವೇ ಅನ್ನಪಾನನಿರೋಧವನ್ನು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದೆ. ತಾನು ಉಣ್ಣದಿರುವುದು ವ್ರತ; ಆಶ್ರಯಕ್ಕೆ ಬಂದ ಜೀವಿಗೆ ಉಣಿಸದಿರುವುದು ದೋಷ.

ಮಹಾಲಿಂಗಪುರದಂತಹ ನೇಕಾರರ ಊರಿನಲ್ಲಿ, ಚತುರ್ದಶಿಯ ದಿನ, ನೆರೆಮನೆಯ ಕೋಳಿಮರಿಯೊಂದು ರೋಗದಿಂದ ರೆಕ್ಕೆ ಜೋತು ಶ್ರಾವಕನ ಅಂಗಳಕ್ಕೆ ಬಂದಿತೆನ್ನಿ. ಅದೂ ಆಹಾರವನ್ನು ಬಿಟ್ಟಿದೆ. ಆದರೆ ಅದು ತ್ಯಾಗವಲ್ಲ, ಅಶಕ್ತಿ. ಆದುದರಿಂದ ಉಪವಾಸಿಯೇ ಅದರ ಕೊಕ್ಕನ್ನು ನೀರಿಗೆ ತಾಗಿಸಿ, ನುಚ್ಚನ್ನು ಮುಂದಿಡಬೇಕು. ಮೊದಲ ವಾರದ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಚಳಿ ಹಿಡಿದ ಮರಿ ಉಣ್ಣಲಾರದು. ದೀಪದ ಶಾಖ ಕೊಡುವವನು ಪತಂಗಗಳು ಬೀಳದಂತೆ ಜಾಲರಿ ಮುಚ್ಚಲಿ. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಲಿ.

ಕೇವಲ ಕೋಳಿಮರಿಗೆ ಇಷ್ಟೇಕೆ ಎನ್ನುವವರು ಜನ್ನನು 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯನ್ನು ನೆನೆಯಬೇಕು. ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಮಾತ್ರದಿಂದ ಯಶೋಧರನು ಹಲವು ಭವಗಳಲ್ಲಿ ತೊಳಲಿದನು. ಕಡೆಗೆ ತಾನೇ ಕೋಳಿಯಾಗಿ ಹುಟ್ಟಿ, ಧರ್ಮವನ್ನು ಕೇಳಿ, ವ್ರತವನ್ನು ಹಿಡಿದು, ಬಾಣಕ್ಕೆ ಗುರಿಯಾಗಿ, ಮನುಷ್ಯಜನ್ಮವನ್ನು ಪಡೆದನು. ಕೋಳಿಯ ದೇಹವೂ ವ್ರತಕ್ಕೆ ಪಾತ್ರವಾಗಬಲ್ಲದು. ಆದರೆ ಕೇಳಿ ತಿಳಿಯುವವರೆಗೆ ಅದು ಬದುಕಿರಬೇಕಲ್ಲವೆ?

ಗುಣಹೊಂದಿದ ಮೇಲೆ ಕಠಿನವಾದ ಪ್ರಶ್ನೆಯೊಂದು ಉಳಿಯುತ್ತದೆ. ದೆಹಲಿಯ ಲಾಲ್ ಮಂದಿರದ ಪಕ್ಷಿಚಿಕಿತ್ಸಾಲಯದಲ್ಲಿ ವಾಸಿಯಾದ ಹಕ್ಕಿಗಳನ್ನು ಬಾನಿಗೆ ಬಿಡುತ್ತಾರೆ. ಹಾರಲಾರದ ಕೋಳಿಗೆ ಆ ಬಾನಿಲ್ಲ. ಅದು ಮರಳಿ ಹೋಗುವುದು ಕತ್ತಿಯ ನೆರಳಿಗೆ. ಆಹಾರದಾನ, ಔಷಧದಾನಗಳಿಗೆ ಕೈ ಸಾಕು. ಅಭಯದಾನಕ್ಕೆ ನೆರೆಯವನ ಬಾಗಿಲಿಗೆ ಹೋಗಿ, ಅವನನ್ನು ನಿಂದಿಸದೆ, ಆ ಜೀವವನ್ನು ಬೇಡಿ ತರುವ ವಿನಯ ಬೇಕು. ಪಾರಣೆಗೆ ಕುಳಿತುಕೊಳ್ಳುವ ಮುನ್ನ ಶ್ರಾವಕನು ಆ ಬಾಗಿಲಿಗೆ ಹೋಗಿಬರಲಿ.